ಕಡಿಮೆ ಬೆಲೆಯ ಗ್ಯಾಸ್ ಪಿಸ್ಟನ್ ಏರ್ ರೈಫಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ಯಾಸ್ ರೈಫಲ್ ಅಂದರೆ ಆಗಾಗ ಗ್ಯಾಸ್ ತುಂಬಿಸುತ್ತಿರಬೇಕಾ?

ಬೇಕಿಲ್ಲ. ಎರಡು ಬೇರೆ ಜಾತಿಯ ರೈಫಲ್‌ಗಳಿಗೆ ಜನ ಒಂದೇ ಹೆಸರು ಹೇಳುವುದರಿಂದ ಈ ಗೊಂದಲ. ಒಂದರಲ್ಲಿ 12 ಗ್ರಾಂನ ಪುಟ್ಟ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಹಾಕುತ್ತಾರೆ. ಪ್ರತಿ ಹೊಡೆತಕ್ಕೂ ಸ್ವಲ್ಪ ಸ್ವಲ್ಪ ಗ್ಯಾಸ್ ಹೊರಗೆ ಹೋಗಿ ಅದು ಖಾಲಿಯಾಗುತ್ತದೆ, ಹೊಸದು ಹಾಕಬೇಕು. ಇನ್ನೊಂದು ಗ್ಯಾಸ್ ಪಿಸ್ಟನ್. ನಾನು ಇಲ್ಲಿ ಹೇಳುವುದೆಲ್ಲ ಈ ಎರಡನೆಯದರ ಬಗ್ಗೆ, ಅದರಲ್ಲೂ ಬ್ಯಾರೆಲ್ ಬಗ್ಗಿಸಿ ಲೋಡ್ ಮಾಡುವ ಅಗ್ಗದ ಮಾದರಿಗಳ ಬಗ್ಗೆ.

ಕಾರಿನ ಹಿಂಬಾಗಿಲು ಎತ್ತಿದಾಗ ಅದನ್ನು ಬೀಳದಂತೆ ಹಿಡಿದು ನಿಲ್ಲಿಸುವ ಕಪ್ಪು ಕೊಳವೆ ನೋಡಿದ್ದೀರಿ ಅಲ್ವಾ? ಅದೇ ತತ್ವ. ಮುಚ್ಚಿದ ಕೊಳವೆಯೊಳಗೆ ನೈಟ್ರೋಜನ್ ಅನ್ನು ಒತ್ತಿ ತುಂಬಿರುತ್ತಾರೆ. ನೀವು ಬ್ಯಾರೆಲ್ ಬಗ್ಗಿಸಿದಾಗ ಪಿಸ್ಟನ್ ಹಿಂದಕ್ಕೆ ಹೋಗಿ ಆ ಗ್ಯಾಸ್ ಇನ್ನಷ್ಟು ಒತ್ತಿಕೊಳ್ಳುತ್ತದೆ. ಟ್ರಿಗರ್ ಎಳೆದರೆ ಪಿಸ್ಟನ್ ಮುಂದಕ್ಕೆ ಹಾರಿ ತನ್ನ ಮುಂದಿರುವ ಮಾಮೂಲಿ ಗಾಳಿಯನ್ನು ಹಿಂಡುತ್ತದೆ. ಪೆಲೆಟ್ಟನ್ನು, ಅಂದರೆ ಏರ್ ರೈಫಲ್‌ನ ಪುಟ್ಟ ಗುಂಡನ್ನು, ತಳ್ಳುವುದು ಆ ಗಾಳಿ. ನೈಟ್ರೋಜನ್ ಇದ್ದಲ್ಲೇ ಇರುತ್ತದೆ, ಹೊರಗೆ ಬರುವುದೇ ಇಲ್ಲ.

ಇದನ್ನು ಏರ್ ರೈಫಲ್‌ಗಳಲ್ಲಿ ಬಳಕೆಗೆ ತಂದಿದ್ದು ಇಂಗ್ಲೆಂಡಿನ ಥಿಯೊಬೆನ್ ಕಂಪನಿ, 1980ರ ದಶಕದಲ್ಲಿ. ಆಗ ಅದು ದುಬಾರಿ ರೈಫಲ್‌ಗಳ ಸೊತ್ತು. ಈಗ ಕ್ರಾಸ್‌ಮನ್ ಕಂಪನಿ ಅದನ್ನು ನೈಟ್ರೋ ಪಿಸ್ಟನ್ ಅನ್ನುತ್ತದೆ, ಗಾಮೊ ಐಜಿಟಿ ಅನ್ನುತ್ತದೆ, ಹಟ್ಸಾನ್ ವೋರ್ಟೆಕ್ಸ್ ಅನ್ನುತ್ತದೆ. ಹೆಸರು ಬೇರೆ, ಕೆಲಸ ಒಂದೇ.

ಅಗ್ಗದ ರೈಫಲ್‌ನಲ್ಲಿ ಸ್ಪ್ರಿಂಗ್ ಒಳ್ಳೆಯದಾ, ಗ್ಯಾಸ್ ಒಳ್ಳೆಯದಾ?

ನನ್ನ ಮತ ಗ್ಯಾಸ್‌ಗೆ. ಅಗ್ಗದ ಸ್ಪ್ರಿಂಗ್ ರೈಫಲ್ ಹೊಡೆದಾಗ ಒಳಗೆ ಟೊಂಯ್ ಅಂತ ಒಂದು ಕಂಪನ ಬರುತ್ತದೆ, ಸ್ಪ್ರಿಂಗ್ ಬಿಚ್ಚಿಕೊಳ್ಳುವಾಗ ರೈಫಲ್ ಸ್ವಲ್ಪ ತಿರುಚಿದಂತೆ ಆಗುತ್ತದೆ. ಗ್ಯಾಸ್‌ನಲ್ಲಿ ಅದಿಲ್ಲ. ಟಪ್ ಅಂತ ಒಂದು ಏಟು, ಮುಗಿಯಿತು. ಆದರೆ ಆ ಏಟು ಚುರುಕಾಗಿರುತ್ತದೆ, ಸ್ಕ್ರೂಗಳಿಗೂ ಸ್ಕೋಪಿಗೂ (ಗುರಿ ನೋಡಲು ಮೇಲೆ ಕೂರಿಸುವ ದೂರದರ್ಶಕ) ಅದರ ಪೆಟ್ಟು ಜಾಸ್ತಿ. ಕಾಕ್ ಮಾಡುವಾಗ, ಅಂದರೆ ಬ್ಯಾರೆಲ್ ಬಗ್ಗಿಸಿ ಪಿಸ್ಟನ್ ಹಿಂದಕ್ಕೆ ಕೂರಿಸುವಾಗಲೂ, ವ್ಯತ್ಯಾಸ ಗೊತ್ತಾಗುತ್ತದೆ. ಸ್ಪ್ರಿಂಗ್ ಮೊದಲು ಹಗುರವಾಗಿದ್ದು ಆಮೇಲೆ ಬಿಗಿಯಾಗುತ್ತದೆ, ಗ್ಯಾಸ್ ಮೊದಲ ಇಂಚಿನಿಂದಲೇ ಬಿಗಿ. ತೋಳಿನಲ್ಲಿ ಶಕ್ತಿ ಕಡಿಮೆ ಇರುವವರು ಕೊಳ್ಳುವ ಮುಂಚೆ ಒಂದು ಸಲ ಬಗ್ಗಿಸಿ ನೋಡುವುದು ಒಳ್ಳೆಯದು.

4.5 ಮಿ.ಮೀ. ತಗೊಳ್ಳಲಾ, 5.5 ತಗೊಳ್ಳಲಾ?

ಇದು ಬ್ಯಾರೆಲ್ ಒಳಗಿನ ಅಗಲ. ಕಾಗದದ ಗುರಿಗೆ, ಡಬ್ಬಿಗೆ ಹೊಡೆಯುವುದಾದರೆ 4.5. ಪೆಲೆಟ್ ಹಗುರ, ವೇಗ ಜಾಸ್ತಿ, ದಾರಿ ನೇರ. ಸುಮ್ನೆ ಬೇರೆ ಯೋಚನೆ ಬೇಡ. 5.5ರ ಪೆಲೆಟ್ ತೂಕದಲ್ಲಿ ಹೆಚ್ಚುಕಮ್ಮಿ ಎರಡರಷ್ಟು, ನಿಧಾನ, ಬೇಗ ಕೆಳಕ್ಕೆ ಬಾಗುತ್ತದೆ. ಬೆರಳಲ್ಲಿ ಹಿಡಿಯಲು ಸುಲಭ ಅನ್ನುವುದು ಮಾತ್ರ ನಿಜ.

ಡಬ್ಬದ ಮೇಲೆ ಸೆಕೆಂಡಿಗೆ 1200 ಅಡಿ ಅಂತ ಬರೆದಿದೆ. ಅಷ್ಟು ಬರುತ್ತದಾ?

ಆ ಅಂಕಿ ಸಾಮಾನ್ಯವಾಗಿ ಸೀಸವಿಲ್ಲದ, ತುಂಬಾ ಹಗುರವಾದ ಮಿಶ್ರಲೋಹದ ಪೆಲೆಟ್‌ನಿಂದ ಅಳೆದಿದ್ದು. ನೀವು ದಿನಾ ಹಾಕುವ ಸೀಸದ ಪೆಲೆಟ್‌ನಲ್ಲಿ ಅಷ್ಟು ಬರುವುದಿಲ್ಲ. ಬರದಿದ್ದರೆ ಬೇಸರ ಬೇಡ. ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 1125 ಅಡಿ. ಪೆಲೆಟ್ ಅದನ್ನು ದಾಟಿದರೆ ಪಟಾಕಿಯಂತೆ ಸದ್ದು ಮಾಡುತ್ತದೆ, ಮತ್ತೆ ಆ ವೇಗದ ಆಸುಪಾಸಿಗೆ ಇಳಿಯುವಾಗ ಓಲಾಡಿ ಗುರಿ ತಪ್ಪುತ್ತದೆ. ಸೊಂಟ ಸಣ್ಣಗಿರುವ ಈ ಪೆಲೆಟ್ಟನ್ನು ಅಷ್ಟು ವೇಗಕ್ಕೆ ಅಂತ ಮಾಡಿಲ್ಲ. 800ರಿಂದ 900 ಅಡಿ ವೇಗದಲ್ಲಿ ಅದು ಶಾಂತವಾಗಿ ಹೋಗುತ್ತದೆ.

ನೋಡಬೇಕಾದ ಅಂಕಿ ಶಕ್ತಿ. ಪೆಲೆಟ್ ತೂಕವನ್ನು ಗ್ರೇನ್ ಅನ್ನುವ ಸಣ್ಣ ತೂಕದ ಅಳತೆಯಲ್ಲಿ ತೆಗೆದುಕೊಂಡು, ವೇಗದ ವರ್ಗದಿಂದ ಗುಣಿಸಿ, 450240ರಿಂದ ಭಾಗಿಸಿದರೆ ಫುಟ್-ಪೌಂಡ್ ಲೆಕ್ಕ ಸಿಗುತ್ತದೆ. 8 ಗ್ರೇನ್ ಪೆಲೆಟ್ 900 ಅಡಿ ವೇಗದಲ್ಲಿ ಹೋದರೆ ಸುಮಾರು 14.4 ಫುಟ್-ಪೌಂಡ್, ಅಂದರೆ 19.5 ಜೂಲ್.

ಲೈಸೆನ್ಸ್ ಬೇಕಾ?

ನೀವಿರುವ ದೇಶದ ಕಾನೂನನ್ನೇ ನೋಡಬೇಕು. ಬಹಳ ಕಡೆ ಗೆರೆ ಎಳೆಯುವುದು ಶಕ್ತಿಯ ಮೇಲೆ. ಜರ್ಮನಿಯಲ್ಲಿ 7.5 ಜೂಲ್, ಇಂಗ್ಲೆಂಡಿನಲ್ಲಿ 12 ಫುಟ್-ಪೌಂಡ್. ಒಂದೇ ಮಾದರಿ ಬೇರೆ ಬೇರೆ ಶಕ್ತಿಯಲ್ಲಿ ಮಾರಾಟವಾಗುವುದಕ್ಕೆ ಇದೇ ಕಾರಣ. ಹಣ ಕೊಡುವ ಮುಂಚೆ ಮಿತಿ ತಿಳಿದುಕೊಳ್ಳಿ, ಆಮೇಲೆ ಅಲ್ಲ.

ಹೊಸ ರೈಫಲ್ ಬಂತು. ಮೊದಲ ದಿನ ಏನು ಮಾಡಬೇಕು?

ಮೊದಲು ಹೊಡೆಯಬೇಡಿ. ಬ್ಯಾರೆಲ್ ಒಳಗೆ ಕಾರ್ಖಾನೆಯ ಎಣ್ಣೆ, ಕಪ್ಪು ಧೂಳು, ಕೆಲವು ಸಲ ಲೋಹದ ಚೂರು ಕೂಡ ಇರುತ್ತದೆ. ಮೀನು ಹಿಡಿಯುವ ನೈಲಾನ್ ದಾರವನ್ನು ಮಡಚಿ ಕುಣಿಕೆ ಮಾಡಿ, ಹಿಂದಿನಿಂದ ಹಾಕಿ ಬ್ಯಾರೆಲ್ ಬಾಯಿಂದ ಹೊರಗೆ ತೆಗೆದು, ಕುಣಿಕೆಗೆ ಹತ್ತಿ ಬಟ್ಟೆಯ ತುಂಡು ಸಿಕ್ಕಿಸಿ ಎಳೆಯಿರಿ. ಮೊದಲ ತುಂಡು ಕಾಡಿಗೆಯಂತೆ ಕಪ್ಪಾಗಿ ಬರುತ್ತದೆ. ಏಳೆಂಟು ಸಲ ಎಳೆದ ಮೇಲೆ ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಸಾಕು.

ಆಮೇಲೆ ಎಲ್ಲಾ ಸ್ಕ್ರೂ ನೋಡಿ. ಆಮೇಲೆ ಗುರಿಯ ಯೋಚನೆ ಬಿಟ್ಟು ಒಂದು ಡಬ್ಬಿ ಪೆಲೆಟ್ ಹೊಡೆದು ಮುಗಿಸಿ. 200ರಿಂದ 500 ಹೊಡೆತಗಳವರೆಗೆ ಪಿಸ್ಟನ್ ಸೀಲ್ (ಪಿಸ್ಟನ್ ತುದಿಯಲ್ಲಿ ಗಾಳಿ ಸೋರದಂತೆ ತಡೆಯುವ ಭಾಗ) ತನ್ನ ಜಾಗಕ್ಕೆ ಹೊಂದಿಕೊಳ್ಳುತ್ತಿರುತ್ತದೆ, ವೇಗ ಏರಿಳಿಯುತ್ತದೆ. ಈ ಹಂತದಲ್ಲಿ ಸ್ಕೋಪ್ ಹಾಕಿ ಗುರಿ ಕೂಡಿಸಲು ಹೋದರೆ ಬರೀ ತಲೆನೋವು.

ಮೊದಲ ಹೊಡೆತಗಳಲ್ಲಿ ಹೊಗೆ ಬರುತ್ತಿದೆ. ಕೆಟ್ಟಿದೆಯಾ?

ಇಲ್ಲ. ಪಿಸ್ಟನ್ ಗಾಳಿಯನ್ನು ಹಿಂಡಿದಾಗ ಅದು ಕ್ಷಣಮಾತ್ರದಲ್ಲಿ ವಿಪರೀತ ಬಿಸಿಯಾಗುತ್ತದೆ, ಒಳಗಿರುವ ಎಣ್ಣೆ ಸುಡುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಆಗುವುದೂ ಇದೇ, ಅದಕ್ಕೇ ಇದನ್ನು ಡೀಸೆಲಿಂಗ್ ಅನ್ನುತ್ತಾರೆ. ತೆಳ್ಳಗೆ ಹೊಗೆ, ಸುಟ್ಟೆಣ್ಣೆಯ ವಾಸನೆ, ಕೆಲವು ಡಜನ್ ಹೊಡೆತಕ್ಕೆ ಕಡಿಮೆಯಾಗುತ್ತದೆ. ಆದರೆ ಗುಂಡು ಸಿಡಿದಂತೆ ಜೋರು ಸದ್ದು ಪದೇ ಪದೇ ಬಂದರೆ ಅಲ್ಲಿಗೇ ನಿಲ್ಲಿಸಿ. ಎಣ್ಣೆ ಜಾಸ್ತಿ ಇದೆ ಅಂತ ಅರ್ಥ, ಅದು ಸೀಲ್ ಸುಡುತ್ತದೆ.

ಒಳಗೆ ಯಾವ ಎಣ್ಣೆ ಬಿಡಬೇಕು?

ಯಾವುದೂ ಬೇಡ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನನ್ನ ಮೊದಲ ರೈಫಲ್ ಸ್ವಲ್ಪ ಕಿರ್ ಅನ್ನುತ್ತಿತ್ತು. ಹೊಲಿಗೆ ಯಂತ್ರದ ಎಣ್ಣೆ ತಂದು ಬ್ಯಾರೆಲ್ ಹಿಂದಿನ ಪುಟ್ಟ ಗಾಳಿ ರಂಧ್ರಕ್ಕೆ ನಾಲ್ಕು ಹನಿ ಬಿಟ್ಟೆ. ಮುಂದಿನ ಹೊಡೆತಕ್ಕೆ ಕಿವಿ ಗುಂಯ್ ಅಂದಿತು, ಬ್ಯಾರೆಲ್ ಬಾಯಿಂದ ನೀಲಿ ಹೊಗೆ ಬಂತು, ಭುಜಕ್ಕೆ ಹಿಂದೆಂದೂ ಬರದ ಪೆಟ್ಟು ಬಂತು. ಬಗ್ಗಿಸಿ ನೋಡಿದರೆ ಬ್ರೀಚ್ ಸೀಲ್ (ಬ್ಯಾರೆಲ್ ಮುಚ್ಚುವ ಜಾಗದ ರಬ್ಬರ್ ಉಂಗುರ) ಅರ್ಧ ಕಿತ್ತು ನೇತಾಡುತ್ತಿತ್ತು. ಕಿರ್ ಸದ್ದು ಬರುತ್ತಿದ್ದದ್ದು ಅಸಲಿಗೆ ಬ್ಯಾರೆಲ್ ಮಡಚುವ ಕೀಲಿನಿಂದ. ಅಲ್ಲಿಗೆ ಒಂದು ಚೂರು ಮಾಲಿಬ್ಡಿನಂ ಗ್ರೀಸ್ ಹಚ್ಚಿದ್ದರೆ ಸಾಕಿತ್ತು.

ಪೆಟ್ರೋಲಿಯಂ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ, ಬಂದೂಕಿನ ಸಾಲ್ವೆಂಟ್, ಇವು ಯಾವುವೂ ಪಿಸ್ಟನ್ ಮುಂದಿನ ಜಾಗಕ್ಕೆ ಹೋಗಬಾರದು. ಸೀಲ್ ಒಣಗಿ ಕೀಚ್ ಅನ್ನುತ್ತಿದ್ದರೆ, ಕೈಪಿಡಿ ಹೇಳಿದ್ದರೆ ಮಾತ್ರ, ಕಂಪನಿ ಹೇಳುವ ಸಿಲಿಕೋನ್ ಎಣ್ಣೆ ಒಂದೇ ಹನಿ. ಅದೂ ಬಹಳ ಅಪರೂಪಕ್ಕೆ. ಅದೇ ಸಿಲಿಕೋನ್ ಎಣ್ಣೆಯನ್ನು ಕೀಲಿಗೆ ಹಾಕಬೇಡಿ, ಲೋಹದ ಮೇಲೆ ಲೋಹ ಉಜ್ಜುವ ಕಡೆ ಅದು ನಿಲ್ಲುವುದಿಲ್ಲ.

ನಿನ್ನೆ ಚೆನ್ನಾಗಿ ಹೊಡೆಯುತ್ತಿತ್ತು, ಇವತ್ತು ಎಲ್ಲೆಲ್ಲೋ ಹೋಗುತ್ತಿದೆ. ಯಾಕೆ?

ಸ್ಕ್ರೂ. ಹತ್ತರಲ್ಲಿ ಏಳು ಸಲ ಅಂತ ಲೆಕ್ಕ ಹೇಳಲಾರೆ, ಆದರೆ ನಾನು ಯಾವತ್ತೂ ಮೊದಲು ನೋಡುವುದು ಅದನ್ನೇ. ಸ್ಟಾಕ್‌ನ (ಕೈಯಲ್ಲಿ ಹಿಡಿದು ಭುಜಕ್ಕೆ ಇಡುವ ಭಾಗ) ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಸ್ಕ್ರೂ, ಟ್ರಿಗರ್ ಗಾರ್ಡ್ ಹತ್ತಿರ ಒಂದೆರಡು, ಬ್ಯಾರೆಲ್ ಕೀಲಿನ ದಪ್ಪ ಬೋಲ್ಟ್ ಒಂದು. ಗ್ಯಾಸ್ ಪಿಸ್ಟನ್‌ನ ಏಟಿಗೆ ಇವು ಕಣ್ಣಿಗೆ ಕಾಣದಷ್ಟು ಸಡಿಲವಾಗುತ್ತಾ ಹೋಗುತ್ತವೆ.

ಒಂದು ಭಾನುವಾರ ನನ್ನ ಐದು ಪೆಲೆಟ್‌ಗಳು ಗುರಿಯ ಮೇಲೆ ಬಿದ್ದ ಗುಂಪು 2 ಸೆಂ.ಮೀ.ನಿಂದ 8 ಸೆಂ.ಮೀ.ಗೆ ಹರಡಿತು. ಬೆಳಿಗ್ಗೆ ಪೂರ್ತಿ ಸ್ಕೋಪ್ ತಿರುಗಿಸಿದೆ, ಪೆಲೆಟ್ ಬದಲಿಸಿದೆ, ಉಸಿರು ಹಿಡಿದು ನೋಡಿದೆ. ಮಧ್ಯಾಹ್ನ ಸುಮ್ನೆ ಕೂತಿದ್ದಾಗ ಸ್ಟಾಕ್‌ನ ಮುಂದಿನ ಎಡ ಸ್ಕ್ರೂ ಮೇಲೆ ಹೆಬ್ಬೆರಳು ಇಟ್ಟು ಬ್ಯಾರೆಲ್ ಅಲ್ಲಾಡಿಸಿದೆ, ಉಗುರಿನ ಕೆಳಗೆ ಟಿಕ್ ಅಂತ ಸಣ್ಣ ಅಲುಗಾಟ. ಅರ್ಧ ಸುತ್ತು ಬಿಗಿ ಮಾಡಿದೆ. ಗುಂಪು ಮತ್ತೆ ಮೊದಲಿನಂತೆ ಬಂತು.

ಸ್ಕ್ರೂ ಬಿಚ್ಚಿ, ಎಳೆಗಳ ಎಣ್ಣೆ ಒರೆಸಿ, ನೀಲಿ ಬಣ್ಣದ ಥ್ರೆಡ್ ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಚುಕ್ಕೆ ಹಾಕಿ ಬಿಗಿ ಮಾಡಿ, ಒಂದು ರಾತ್ರಿ ಬಿಡಿ. ಕೆಂಪು ಬೇಡ, ಅದು ಬಿಸಿ ಮಾಡದೆ ಬಿಡುವುದಿಲ್ಲ. ಮರದ ಸ್ಟಾಕ್ ಆದರೆ ಬಲವೆಲ್ಲ ಹಾಕಿ ಬಿಗಿ ಮಾಡಬೇಡಿ, ಮರ ನಜ್ಜಾಗುತ್ತದೆ. ಹಾಗೂ ನೂರು ಹೊಡೆತಕ್ಕೊಮ್ಮೆ ಮುಟ್ಟಿ ನೋಡುವ ಅಭ್ಯಾಸ ಇರಲಿ.

ಸ್ಕ್ರೂ ಎಲ್ಲಾ ಬಿಗಿಯಿದೆ. ಆದರೂ ಗುಂಪು ಬರುತ್ತಿಲ್ಲ.

ಹಾಗಾದರೆ ಹಿಡಿತ. ಪಿಸ್ಟನ್ ರೈಫಲ್ ಬೇರೆ ಬಂದೂಕಿನಂತಲ್ಲ. ಪಿಸ್ಟನ್ ಮುಂದಕ್ಕೆ ಹೊರಟಾಗ ರೈಫಲ್ ಹಿಂದಕ್ಕೆ ಬರುತ್ತದೆ, ಪಿಸ್ಟನ್ ಕೊನೆಯಲ್ಲಿ ನಿಂತಾಗ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಪೆಲೆಟ್ ಇನ್ನೂ ಬ್ಯಾರೆಲ್ ಒಳಗಿರುವಾಗಲೇ ಈ ಕುಲುಕಾಟ ಶುರುವಾಗಿರುತ್ತದೆ. ನೀವು ಗಟ್ಟಿಯಾಗಿ ಹಿಡಿದರೆ ಅದು ನಿಲ್ಲುವುದಿಲ್ಲ, ಪ್ರತಿ ಸಲ ಬೇರೆ ಬೇರೆ ಕಡೆ ತಿರುಗುತ್ತದೆ ಅಷ್ಟೇ.

ಮಾಡಬೇಕಾದ್ದು ಇದರ ಉಲ್ಟಾ. ಮುಂದಿನ ಕೈಯನ್ನು ಚಾಚಿ ಅಂಗೈ ಮೇಲೆ ರೈಫಲ್ ಸುಮ್ನೆ ಮಲಗಲಿ, ಬೆರಳು ಮಡಚಬೇಡಿ. ಭುಜಕ್ಕೆ ತಾಗಿದ್ದರೆ ಸಾಕು, ಒತ್ತುವುದು ಬೇಡ. ಕೆನ್ನೆಯೂ ಹಗುರ. ರೈಫಲ್ ತನಗೆ ಬೇಕಾದಂತೆ ಹಿಂದೆ ಮುಂದೆ ಆಡಲಿ. ಫಿರಂಗಿ ಸಿಡಿದಾಗ ಹಿಂದಕ್ಕೆ ಸರಿಯುವಂತೆ ಇದೂ ಸರಿಯಲಿ ಅಂತ ಇದಕ್ಕೆ ಆರ್ಟಿಲರಿ ಹಿಡಿತ ಅನ್ನುತ್ತಾರೆ. ಅಂಗೈ ಇಟ್ಟ ಜಾಗ ಒಂದು ಇಂಚು ಆಚೀಚೆ ಆದರೂ ಪೆಲೆಟ್ ಬೀಳುವ ಜಾಗ ಬದಲಾಗುತ್ತದೆ, ಅದಕ್ಕೆ ನಾನು ಸ್ಟಾಕ್ ಮೇಲೆ ಒಂದು ಸಣ್ಣ ಟೇಪ್ ಅಂಟಿಸಿ ಗುರುತು ಮಾಡಿಕೊಂಡಿದ್ದೇನೆ. ಮೇಜಿನ ಮೇಲೆ, ಕಲ್ಲಿನ ಮೇಲೆ ನೇರವಾಗಿ ರೈಫಲ್ ಇಟ್ಟು ಹೊಡೆಯುವುದು ಸುಲಭ ಅನ್ನಿಸುತ್ತದೆ, ಆದರೆ ಗಟ್ಟಿ ಜಾಗದಿಂದ ಅದು ಜಿಗಿಯುತ್ತದೆ.

ಒಂದೆರಡು ವಾರ ಇದಕ್ಕೇ ಕೊಡಿ. ರೈಫಲ್ ಬದಲಾಗಿದೆಯೇನೋ ಅನ್ನುವಷ್ಟು ವ್ಯತ್ಯಾಸ ಬರುತ್ತದೆ.

ಯಾವ ಪೆಲೆಟ್ ಒಳ್ಳೆಯದು?

ನಿಮ್ಮ ಬ್ಯಾರೆಲ್‌ಗೆ ಒಪ್ಪುವುದು. ಇದು ತಪ್ಪಿಸಿಕೊಳ್ಳುವ ಉತ್ತರ ಅಲ್ಲ, ಒಂದೇ ಮಾದರಿಯ ಎರಡು ರೈಫಲ್‌ಗಳು ಬೇರೆ ಬೇರೆ ಪೆಲೆಟ್ ಇಷ್ಟಪಡುತ್ತವೆ. ಮೂರ್ನಾಲ್ಕು ಬಗೆ ತಂದು, 4.5ಕ್ಕೆ 7ರಿಂದ 9 ಗ್ರೇನ್ ಒಳಗೆ, ಪ್ರತಿಯೊಂದರಲ್ಲೂ ಹತ್ತು ಸುಮ್ನೆ ಹೊಡೆದು ಆಮೇಲೆ ಐದರ ಎರಡು ಗುಂಪು ನೋಡಿ. ದುಂಡು ತಲೆಯದು ಸಾಮಾನ್ಯವಾಗಿ ಮೋಸ ಮಾಡುವುದಿಲ್ಲ. ಚೂಪು ತಲೆಯದನ್ನು ನಾನು ತೆಗೆದುಕೊಳ್ಳುವುದಿಲ್ಲ.

ಪೆಲೆಟ್‌ನ ಹಿಂಭಾಗ ಲಂಗದಂತೆ ತೆಳ್ಳಗಿರುತ್ತದೆ. ಅಗ್ಗದ ಡಬ್ಬಿಯಲ್ಲಿ ಅದು ಸೊಟ್ಟಗಾದವು ಬೇಕಾದಷ್ಟು ಇರುತ್ತವೆ. ಕೈಗೆ ತಗೊಂಡಾಗ ಒಂದು ಸಲ ನೋಡಿ, ಸೊಟ್ಟಗಿದ್ದರೆ ಬದಿಗಿಡಿ. ಉಕ್ಕಿನ ದುಂಡನೆಯ ಬಿಬಿ ಗುಂಡು ಹಾಕಲೇಬೇಡಿ, ಬ್ಯಾರೆಲ್ ಒಳಗಿನ ಸುರುಳಿ ಗೆರೆ ಹಾಳಾಗುತ್ತದೆ, ಗಟ್ಟಿ ಜಾಗಕ್ಕೆ ಬಡಿದರೆ ವಾಪಸ್ಸು ಹಾರುತ್ತದೆ.

ಪೆಲೆಟ್ ಇಲ್ಲದೆ ಒಂದು ಸಲ ಹೊಡೆದೆ. ಪರವಾಗಿಲ್ವಾ?

ಒಂದು ಸಲಕ್ಕೆ ಏನೂ ಆಗಲಿಕ್ಕಿಲ್ಲ. ಅಭ್ಯಾಸ ಆಗಬಾರದು. ಮುಂದೆ ಪೆಲೆಟ್ ಇದ್ದರೆ ಗಾಳಿ ಮೆತ್ತೆಯಂತೆ ನಿಂತು ಪಿಸ್ಟನ್‌ಗೆ ತಡೆ ಕೊಡುತ್ತದೆ. ಇಲ್ಲದಿದ್ದರೆ ಅದು ನೇರವಾಗಿ ಲೋಹಕ್ಕೆ ಬಡಿಯುತ್ತದೆ. ಸ್ವಚ್ಛ ಮಾಡುವ ಹಗುರವಾದ ಫೆಲ್ಟ್ ಪೆಲೆಟ್ ಒಂದನ್ನೇ ಹಾಕಿ ಹೊಡೆಯುವುದೂ ಹೆಚ್ಚುಕಮ್ಮಿ ಅಷ್ಟೇ ಕೆಟ್ಟದ್ದು.

ಡಬ್ಬದಲ್ಲಿ ಬಂದ ಸ್ಕೋಪ್ ಸಾಕಾ?

ಬಹಳ ಸಲ ಸಾಕಾಗುವುದಿಲ್ಲ. ಎರಡೂ ದಿಕ್ಕಿನ ಪೆಟ್ಟು ಸ್ಕೋಪಿನ ಒಳಗಿನ ಭಾಗಗಳನ್ನು ಸಡಿಲ ಮಾಡುತ್ತದೆ. ದೊಡ್ಡ ಬಂದೂಕಿನ ದುಬಾರಿ ಸ್ಕೋಪ್ ಕೂಡ ಇದಕ್ಕೆ ತಡೆಯದೇ ಹೋಗಬಹುದು, ಯಾಕೆಂದರೆ ಅದಕ್ಕೆ ಹಿಂದಕ್ಕೆ ಬರುವ ಪೆಟ್ಟು ಮಾತ್ರ ಗೊತ್ತು. ಏರ್ ರೈಫಲ್‌ಗೆ ಅಂತಲೇ ಮಾಡಿದ್ದು, 10 ಮೀಟರ್‌ನಷ್ಟು ಹತ್ತಿರಕ್ಕೂ ಫೋಕಸ್ ಆಗುವಂಥದ್ದು ತಗೊಳ್ಳಿ. ಸ್ಕೋಪನ್ನು ರೈಫಲ್‌ಗೆ ಕೂರಿಸುವ ಮೌಂಟ್ ಒಂದೇ ತುಂಡಿನದಾಗಿರಲಿ, ಕೆಳಗೆ ತಡೆ ಪಿನ್ ಇರಲಿ, ಆ ಪಿನ್ ರೈಫಲ್ ಮೇಲಿನ ರಂಧ್ರದಲ್ಲಿ ಕೂರಲಿ. ಇಲ್ಲದಿದ್ದರೆ ಸ್ಕೋಪ್ ನಿಧಾನಕ್ಕೆ ಹಿಂದಕ್ಕೆ ಜಾರುತ್ತದೆ.

ಸ್ಕೋಪ್ ಪೂರ್ತಿ ಮೇಲಕ್ಕೆ ತಿರುಗಿಸಿದರೂ ಪೆಲೆಟ್ ಕೆಳಗೇ ಬೀಳುತ್ತಿದ್ದರೆ ಬ್ಯಾರೆಲ್ ಸ್ವಲ್ಪ ಕೆಳಗೆ ಬಾಗಿ ಕೂತಿದೆ ಅಂತ. ಬಗ್ಗಿಸುವ ರೈಫಲ್‌ಗಳಲ್ಲಿ ಇದು ಮಾಮೂಲು. ಅದಕ್ಕೆ ತಕ್ಕಂತೆ ಹಿಂದೆ ಎತ್ತರವಿರುವ ಮೌಂಟ್ ಸಿಗುತ್ತದೆ. ಇನ್ನೊಂದು ಮಾತು, ಸ್ಕೋಪ್ ಇಲ್ಲದೆ ಬರೀ ಕಣ್ಣಿನ ಗುರಿಯಲ್ಲಿ ಮೊದಲ ತಿಂಗಳು ಕಲಿತವರ ಕೈ ಬೇಗ ಪಳಗುವುದನ್ನು ನೋಡಿದ್ದೇನೆ.

ಬ್ಯಾರೆಲ್ ಎಷ್ಟು ದಿನಕ್ಕೊಮ್ಮೆ ಸ್ವಚ್ಛ ಮಾಡಬೇಕು?

ಗುರಿ ಹಾಳಾದಾಗ. ಇದು ಮದ್ದು ಸುಡುವ ಬಂದೂಕಲ್ಲ, ಪ್ರತಿ ದಿನ ಉಜ್ಜುವ ಅಗತ್ಯ ಇಲ್ಲ. ಮೊದಲು ಹೇಳಿದ ದಾರ ಮತ್ತು ಒಣ ಬಟ್ಟೆ ಸಾಕು. ಉಕ್ಕಿನ ಬ್ರಷ್ ಬೇಡ. ಬಾಯಿಯ ಕಡೆಯಿಂದ ಕಬ್ಬಿಣದ ಕಡ್ಡಿ ತುರುಕಬೇಡಿ. ಬಾಯಿಯ ಅಂಚಿಗೆ ಒಂದು ಗೀರು ಬಿದ್ದರೆ ಪೆಲೆಟ್ ಹೊರಡುವಾಗಲೇ ಒಂದು ಪಕ್ಕಕ್ಕೆ ವಾಲುತ್ತದೆ.

ಶಕ್ತಿ ಕಡಿಮೆಯಾಗಿದೆ ಅನ್ನಿಸುತ್ತಿದೆ. ಗ್ಯಾಸ್ ಸೋರಿದೆಯಾ?

ಮೊದಲು ಬ್ರೀಚ್ ಸೀಲ್ ನೋಡಿ. ಬ್ಯಾರೆಲ್ ಮುಚ್ಚುವ ಜಾಗದಲ್ಲಿರುವ ಸಣ್ಣ ರಬ್ಬರ್ ಉಂಗುರ ಅದು. ಟಿಶ್ಯೂ ಕಾಗದದ ತೆಳ್ಳನೆ ಪಟ್ಟಿ ಹರಿದು ಆ ಸಂದಿಯ ಮೇಲೆ ಇಟ್ಟು, ಪೆಲೆಟ್ ಹಾಕಿ, ಸುರಕ್ಷಿತ ಗುರಿಗೆ ಹೊಡೆಯಿರಿ. ಪಟ್ಟಿ ಹಾರಿದರೆ ಗಾಳಿ ಅಲ್ಲಿಂದ ಹೋಗುತ್ತಿದೆ. ಹೊಸ ಉಂಗುರ ಹಾಕುವುದು ಐದು ನಿಮಿಷದ ಕೆಲಸ.

ಗ್ಯಾಸ್ ಪಿಸ್ಟನ್ ಸೋರಿದರೆ ನಿಮ್ಮ ತೋಳಿಗೇ ಗೊತ್ತಾಗುತ್ತದೆ. ಕಾಕ್ ಮಾಡುವುದು ದಿಢೀರ್ ಅಂತ ಹಗುರವಾಗುತ್ತದೆ. ಕಾಕ್ ಮಾಡುವ ಬಿಗಿ ಮೊದಲಿನಷ್ಟೇ ಇದ್ದು ವೇಗ ಮಾತ್ರ ಕಡಿಮೆಯಾಗಿದ್ದರೆ ತೊಂದರೆ ಸೀಲ್‌ಗಳಲ್ಲಿ, ಗ್ಯಾಸ್‌ನಲ್ಲಿ ಅಲ್ಲ. ಅಗ್ಗದ ಮಾದರಿಗಳಲ್ಲಿ ಸಾಮಾನ್ಯವಾಗಿ ಮತ್ತೆ ತುಂಬಿಸುವ ವ್ಯವಸ್ಥೆ ಇರುವುದಿಲ್ಲ, ಆ ಕೊಳವೆಯನ್ನೇ ಪೂರ್ತಿ ಬದಲಿಸಬೇಕು. ಅದನ್ನು ಕೊರೆಯುವುದು, ಬಿಸಿ ಮಾಡುವುದು, ವೈಸ್‌ನಲ್ಲಿ ಹಿಡಿದು ಬಿಚ್ಚುವುದು ಬೇಡವೇ ಬೇಡ. ರೈಫಲ್ ಕಾಕ್ ಆಗದಿದ್ದಾಗಲೂ ಒಳಗೆ ಪೂರ್ತಿ ಒತ್ತಡ ಇರುತ್ತದೆ. ಕೆಲಸ ಗೊತ್ತಿರುವವರ ಕೈಗೆ ಕೊಡಿ.

ಬಿಸಿಲಿಗೆ, ಚಳಿಗೆ ಏನಾಗುತ್ತದೆ?

20 ಡಿಗ್ರಿಯಿಂದ 60 ಡಿಗ್ರಿಗೆ ಹೋದರೆ ಒಳಗಿನ ಒತ್ತಡ ಸುಮಾರು ನೂರಕ್ಕೆ 14ರಷ್ಟು ಏರುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಅಂಥ ಬಿಸಿ ಬರುತ್ತದೆ, ಅಲ್ಲಿ ಬಿಟ್ಟು ಹೋಗಬೇಡಿ. 0 ಡಿಗ್ರಿಗೆ ಇಳಿದರೆ ನೂರಕ್ಕೆ 7ರಷ್ಟು ಮಾತ್ರ ಕಡಿಮೆ. ಕಾರ್ಬನ್ ಡೈಆಕ್ಸೈಡ್ ರೈಫಲ್‌ಗೆ ಇದೇ ಚಳಿಯಲ್ಲಿ ಒತ್ತಡ 57 ಬಾರ್‌ನಿಂದ 35 ಬಾರ್‌ಗೆ ಕುಸಿಯುತ್ತದೆ.

ಕಾಕ್ ಮಾಡಿ ಇಟ್ಟರೆ ಹಾಳಾಗುವುದಿಲ್ಲ ಅನ್ನುತ್ತಾರೆ. ನಿಜನಾ?

ಯಂತ್ರದ ಮಟ್ಟಿಗೆ ನಿಜ. ಸ್ಪ್ರಿಂಗ್ ದಣಿಯುವಂತೆ ಗ್ಯಾಸ್ ದಣಿಯುವುದಿಲ್ಲ. ಆದರೆ ಕಾಕ್ ಮಾಡಿದ ರೈಫಲ್ಲನ್ನು ಗೋಡೆಗೆ ಒರಗಿಸಿ ನೀರು ಕುಡಿಯಲು ಹೋಗುವುದು ತಪ್ಪು. ಕೈ ಬಿಡುವ ಮುಂಚೆ ಪೆಲೆಟ್ ಹಾಕಿ ಸುರಕ್ಷಿತ ಗುರಿಗೆ ಹೊಡೆದು ಖಾಲಿ ಮಾಡಿ.

ಲೋಡ್ ಮಾಡುವಾಗ ಒಂದು ಕೈ ಬ್ಯಾರೆಲ್ ಮೇಲೆ ಇರಲೇಬೇಕು, ಟ್ರಿಗರ್ ಹತ್ತಿರ ಬೆರಳು ಇರಬಾರದು. ಬಗ್ಗಿದ ಸ್ಥಿತಿಯಲ್ಲಿ ಟ್ರಿಗರ್ ಬಿಟ್ಟುಕೊಂಡರೆ ಬ್ಯಾರೆಲ್ ರಪ್ ಅಂತ ಮೇಲಕ್ಕೆ ಬಡಿಯುತ್ತದೆ. ಬೆರಳು ಮುರಿಯುವಷ್ಟು ಬಲ ಅದಕ್ಕಿದೆ, ಬ್ಯಾರೆಲ್ ಕೂಡ ಬಾಗುತ್ತದೆ.

ಟ್ರಿಗರ್ ತುಂಬಾ ಬಿಗಿ. ಹಗುರ ಮಾಡಬಹುದಾ?

ಹೊರಗಿನಿಂದ ತಿರುಗಿಸುವ ಸ್ಕ್ರೂ ಇದ್ದರೆ ಕೈಪಿಡಿ ಹೇಳಿದಷ್ಟು ಮಾತ್ರ. ಒಳಗಿನ ಹಲ್ಲುಗಳನ್ನು ಅರದಿಂದ ಉಜ್ಜಬೇಡಿ, ಕೆಳಗೆ ಬಿದ್ದರೆ ತಾನೇ ಹೊಡೆಯುವ ರೈಫಲ್ ಆಗಿಬಿಡುತ್ತದೆ. ಸಾವಿರ ಹೊಡೆತ ಆಗುವ ಹೊತ್ತಿಗೆ ಅದು ಸ್ವಲ್ಪ ನುಣುಪಾಗುತ್ತದೆ, ನಿಮ್ಮ ಬೆರಳೂ ಒಗ್ಗುತ್ತದೆ.

ಮನೆ ಹಿಂದೆ ಹೊಡೆಯಬಹುದಾ? ಮಕ್ಕಳಿಗೆ ಕೊಡಬಹುದಾ?

ಕಾನೂನು ಬಿಡುತ್ತದೆಯಾ ಅಂತ ಮೊದಲು ನೋಡಿ. ಬಿಟ್ಟರೂ ಗುರಿಯ ಹಿಂದೆ ಏನಿದೆ ಅನ್ನುವುದೇ ಮುಖ್ಯ. ಪೆಲೆಟ್ ನೂರಾರು ಮೀಟರ್ ಹೋಗಬಲ್ಲದು. ತೆಳ್ಳನೆ ಹಲಗೆ ಅದನ್ನು ತಡೆಯುವುದಿಲ್ಲ, ಕಲ್ಲು ಅದನ್ನು ವಾಪಸ್ಸು ಕಳಿಸುತ್ತದೆ. ಹಳೆಯ ಬಟ್ಟೆಯನ್ನು ಒತ್ತೊತ್ತಾಗಿ ತುಂಬಿದ ದಪ್ಪ ಪೆಟ್ಟಿಗೆ, ಅದರ ಹಿಂದೆ ದಪ್ಪ ಮರದ ಹಲಗೆ, ಇದು ನಾನು ಬಳಸುವುದು. ಹೊಡೆಯುವವರಿಗೂ ನೋಡುವವರಿಗೂ ಕನ್ನಡಕ. ಮಕ್ಕಳು ಹೊಡೆಯುವಾಗ ದೊಡ್ಡವರು ಪಕ್ಕದಲ್ಲೇ, ಕೈಗೆಟುಕುವಷ್ಟು ಹತ್ತಿರ ಇರಬೇಕು. ಸೇಫ್ಟಿ ಹಾಕಿದೆ ಅನ್ನುವುದು ಉತ್ತರ ಅಲ್ಲ, ಅದೂ ಒಂದು ಯಂತ್ರ, ಕೆಡಬಹುದು. ಪೆಲೆಟ್ ಸೀಸದ್ದು, ಬಾಯಲ್ಲಿ ಇಟ್ಟುಕೊಳ್ಳಬಾರದು, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯದೆ ಏನೂ ತಿನ್ನಬಾರದು. ಹಕ್ಕಿಗಳ ಮೇಲೆ ಗುರಿ ಇಡುವುದನ್ನು ನನ್ನ ಜೊತೆ ಕಲಿಯುವ ಯಾರಿಗೂ ನಾನು ಬಿಟ್ಟಿಲ್ಲ.

ಮಳೆಗಾಲದಲ್ಲಿ ಹೇಗೆ ಇಡಬೇಕು?

ಬೆರಳಿನ ಬೆವರು ಎರಡೇ ದಿನಕ್ಕೆ ತುಕ್ಕಾಗುತ್ತದೆ. ಹೊಡೆದು ಮುಗಿದ ಮೇಲೆ ಹೊರಗಿನ ಲೋಹವನ್ನು ತೆಳುವಾಗಿ ಎಣ್ಣೆ ಸೋಕಿಸಿದ ಬಟ್ಟೆಯಿಂದ ಒರೆಸಿ. ಫೋಮ್ ಪೆಟ್ಟಿಗೆ ತೇವ ಹಿಡಿದುಕೊಳ್ಳುತ್ತದೆ, ತಿಂಗಳುಗಟ್ಟಲೆ ಅದರಲ್ಲಿ ಮುಚ್ಚಿಡಬೇಡಿ. ಒಣ ಜಾಗ, ಬೀಗ, ಪೆಲೆಟ್ ಬೇರೆ ಕಡೆ.

ಎಷ್ಟು ವರ್ಷ ಬಾಳುತ್ತದೆ?

ನನ್ನದಕ್ಕೆ ಒಂಬತ್ತು ವರ್ಷ ಆಯಿತು. ಬ್ರೀಚ್ ಸೀಲ್ ಮೂರನೆಯದು, ಸ್ಕೋಪ್ ಎರಡನೆಯದು, ಮುಂದಿನ ಎಡ ಸ್ಕ್ರೂ ಒಂದು ಸಲ ಬದಲಾಗಿದೆ. ಗ್ಯಾಸ್ ಪಿಸ್ಟನ್ ಡಬ್ಬದಲ್ಲಿ ಬಂದದ್ದೇ, ಇವತ್ತಿನವರೆಗೂ ಅದನ್ನು ಮುಟ್ಟಿಲ್ಲ.